ಪ್ರಾಗ್ ಪಟ್ಟಣಕ್ಕೊಂದು ಹೂಂ

ನಾನು ಪ್ರಾಗ್ ನಗರವನ್ನು ನೋಡಿದ್ದೇನೆ ಎಂದು ನಾಲ್ಕು ಜನರೆದುರು ಹೇಳಿಕೊಳ್ಳುವಾಗ ಒಂದು ಸಣ್ಣ ವಿವರವನ್ನು ಬೇಕೆಂದೇ ಬಿಟ್ಟುಬಿಡುತ್ತೇನೆ. ನೋಡುವಾಗ ನಾನು ಕ್ಯಾಲಿಫೋರ್ನಿಯಾದ ಸೆರಿಟೋಸ್‌ನ ಒಂದು ಮನೆಯ ಸೋಫಾದ ಮೇಲಿದ್ದೆ, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆಯಿತ್ತು. ಇದನ್ನು ಮೋಸ ಎನ್ನುವವರು ಮೊದಲು ಗಣಪತಿಯ ಮೇಲೆ ದಾವೆ ಹೂಡಲಿ. ಅಪ್ಪ ಅಮ್ಮನಿಗೆ ಒಂದು ಸುತ್ತು ಹಾಕಿ ಜಗತ್ತನ್ನೇ ಸುತ್ತಿದೆ ಎಂದವನಿಗೆ ಮೊದಲ ಪೂಜೆ ಸಲ್ಲುತ್ತದೆ. ನಾನು ಪಾಪ, ಒಂದು ಊರು ನೋಡಿದೆ ಎಂದಿದ್ದೇನೆ, ಅಷ್ಟೆ.

೨೦೨೦ರ ಬೇಸಿಗೆ. ಕೊರೊನಾದಿಂದಾಗಿ ಸ್ಯಾನ್ ಡಿಯಾಗೋದ ನಮ್ಮ ವಿಶ್ವವಿದ್ಯಾಲಯಕ್ಕೆ ಬೀಗ ಬಿದ್ದಿತ್ತು. ಬಾಡಿಗೆ ಮನೆಯಲ್ಲಿದ್ದ ನಾಲ್ವರಲ್ಲಿ ಮೂವರು ಸಿಕ್ಕ ವಿಮಾನ ಹತ್ತಿ ಊರಿಗೆ ಹೋದರು. ಉಳಿದವರು ನಾನು ಮತ್ತು ಫ್ರಿಜ್ಜು. ನನಗೆ ಹುಟ್ಟಿನಿಂದ ಒಂದು ಕಾಯಿಲೆಯಿದೆ: ಎದುರಿಗೆ ಯಾರಿದ್ದರೂ ಅವರ ಹಾಗೆ ಮಾಡಿ ತೋರಿಸುವುದು. ಮೇಷ್ಟ್ರು, ಬಸ್ ಕಂಡಕ್ಟರು, ಮದುವೆ ಮನೆಯ ಪುರೋಹಿತರು, ನನ್ನ ಪಿಎಚ್‌ಡಿ ಗೈಡು, ಕನ್ನಡಿಯ ಮುಂದೆ ನಿಂತು ಇಂಗ್ಲಿಷ್ ಅಭ್ಯಾಸ ಮಾಡುವ ನಾನು, ಯಾರನ್ನೂ ಬಿಟ್ಟವನಲ್ಲ. ಬೇರೆ ಯಾರೂ ಇಲ್ಲದ್ದರಿಂದ ಮೂರನೆಯ ವಾರಕ್ಕೆ ಫ್ರಿಜ್ಜಿನ ಹಾಗೆ ಗುಂಯ್‌ಗುಡಲು ಕಲಿತೆ. ಕೊನೆಯಲ್ಲಿ ಅದು ಒಮ್ಮೆ ನಡುಗಿ ಸುಮ್ಮನಾಗುತ್ತದಲ್ಲ, ಅದನ್ನೂ ಸೇರಿಸಿದ್ದೆ. ಫೋನಿನಲ್ಲಿ ಶಕುಂತಲಾ ಆಂಟಿಗೆ ಕೇಳಿಸಿದೆ. ಅವರು ನಗಲಿಲ್ಲ. “ಅರಿವಿ ತುಂಬಕೊಂಡು ನಮ್ಮನಿಗೆ ಬಂದ್ಬಿಡು ತಮ್ಮಾ. ನಿನ್ನ ಪರಿಸ್ಥಿತಿ ಛಲೋ ಕಾಣವಲ್ದು,” ಎಂದರು.

ಶಕುಂತಲಾ ಆಂಟಿ ನನಗೆ ಯಾವ ರೀತಿಯಲ್ಲೂ ಸಂಬಂಧಿಕರಲ್ಲ. ಹಿಂದಿನ ವರ್ಷ ಲಾಸ್ ಏಂಜಲೀಸ್ ಕಡೆಯ ಕನ್ನಡಿಗರ ಯುಗಾದಿ ಕಾರ್ಯಕ್ರಮದಲ್ಲಿ ನಾನು ಅವರ ಯಜಮಾನರನ್ನು ವೇದಿಕೆಯ ಮೇಲೆ ಅಣಕಿಸಿದ್ದೆ. ಆ ಯಜಮಾನರು ಬಸವರಾಜ ಅಂಕಲ್, ಬಾಗಲಕೋಟೆಯವರು, ನೀರೆತ್ತುವ ಪಂಪುಗಳನ್ನು ವಿನ್ಯಾಸ ಮಾಡುವ ಎಂಜಿನಿಯರು. ಸಭೆ ಬಿದ್ದು ಬಿದ್ದು ನಕ್ಕಿತು. ಅಂಕಲ್ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಆಂಟಿ ರೊಟ್ಟಿ ಊಟಕ್ಕೆ ಕರೆದು ರಾಜಿ ಮಾಡಿಸಿದರು. ನಮ್ಮ ಕಡೆ ಕೆಲವು ಬಾಂಧವ್ಯಗಳು ರಕ್ತದಿಂದ ಹುಟ್ಟುತ್ತವೆ, ಕೆಲವು ಮದುವೆಯಿಂದ. ಇದು ಅವಮಾನದಿಂದ ಹುಟ್ಟಿದ್ದು. ಗಟ್ಟಿಯಾಗಿದೆ.

ಸೆರಿಟೋಸ್‌ನ ಅವರ ಮನೆ ಸೇರಿದಾಗ ಅಲ್ಲೊಂದು ಸೂತಕದ ವಾತಾವರಣವಿತ್ತು. ಮದುವೆಯಾಗಿ ಇಪ್ಪತ್ತೈದು ವರ್ಷವಾದದ್ದಕ್ಕೆ ಗಂಡ ಹೆಂಡತಿ ಪ್ರಾಗ್‌ಗೆ ಹೋಗುವುದೆಂದು ತೀರ್ಮಾನವಾಗಿ, ಟಿಕೆಟ್ಟು, ಅಂಕಲ್‌ಗೆ ನಡೆಯುವ ಬೂಟು, ಆಂಟಿಗೆ ಬೂದು ಬಣ್ಣದ ಸ್ವೆಟರು ಎಲ್ಲ ಬಂದು, ಕೊನೆಗೆ ಪ್ರಾಗ್ ಒಂದೇ ಬರದೆ ಉಳಿದಿತ್ತು. ಅಂಕಲ್‌ಗೆ ಹೆಚ್ಚು ಸಂಕಟವಾದದ್ದು ಗೈಡಿನ ಬಗ್ಗೆ. ಒಂದಿಡೀ ದಿನಕ್ಕೆ, ಇಡೀ ಊರಿಗೆ, ತಮ್ಮಿಬ್ಬರಿಗೇ ಎಂದು ಒಬ್ಬ ಖಾಸಗಿ ಗೈಡನ್ನು ಗೊತ್ತುಮಾಡಿದ್ದರು. ಹಿಂದೊಮ್ಮೆ ಗುಂಪು ಪ್ರವಾಸದಲ್ಲಿ ರೋಮ್ ನೋಡಿದ್ದರಂತೆ. ನಲವತ್ತು ಜನ ಗೈಡಮ್ಮ ಎತ್ತಿ ಹಿಡಿದ ಒಂದು ಕೊಡೆಯ ಹಿಂದೆ ಓಡುವುದು, ಇವರು ತಲುಪುವಷ್ಟರಲ್ಲಿ ಆಕೆ ಮಾತು ಮುಗಿಸಿ ಮುಂದಿನ ಕಂಬಕ್ಕೆ ಹೊರಟಿರುವುದು. “ಇತಿಹಾಸದ ಬೆನ್ನ ನೋಡಿ ಬಂದೀನಿ ನಾನು,” ಎನ್ನುತ್ತಿದ್ದರು.

ಹೀಗಿರುವಾಗ ಪ್ರಾಗ್‌ನಿಂದ ಒಂದು ಪತ್ರ ಬಂತು. ನೀವು ಬರಲಾಗದಿದ್ದರೆ ನಾನೇ ಫೋನು ಹಿಡಿದು ಊರು ತುಂಬ ನಡೆಯುತ್ತೇನೆ, ನೀವು ಮನೆಯಲ್ಲೇ ಕೂತು ನೋಡಬಹುದೇ, ಎಂದು ಗೈಡ್ ಕೇಳಿದ್ದಳು. ಅಂಕಲ್ ಎರಡು ಸಲ ಓದಿ, ಹೂಂ ಅಂದರು.

ಈ ಹೂಂ ಬಗ್ಗೆ ಇಲ್ಲೇ ಸ್ವಲ್ಪ ನಿಲ್ಲಬೇಕು. ಕಥೆ ಹೇಳುವವರಿಗೆ ಒಬ್ಬರು ಹೂಂಗುಟ್ಟಬೇಕೆನ್ನುವುದು ನಮ್ಮಲ್ಲಿ ಹಳೆಯ ಕಾಯಿದೆ. ಹೂಂ ನಿಂತರೆ ಅಜ್ಜಿ ಕಥೆ ನಿಲ್ಲಿಸುತ್ತಾಳೆ, ರಾಜಕುಮಾರ ಕುದುರೆಯ ಮೇಲೆ ಒಂದು ಕಾಲು ಹಾಕಿದವನು ಬೆಳಗಿನ ತನಕ ಹಾಗೇ ಇರಬೇಕಾಗುತ್ತದೆ. ಪುರಾಣ ಹೇಳುವ ಶಾಸ್ತ್ರಿಗಳಿಗೂ ಎದುರಿಗೊಬ್ಬ ಹೂಂ ಅನ್ನುವ ಮುದುಕ ಬೇಕು. ಗಿಡಕ್ಕೆ ನೀರು ಹಾಕಿದ ಹಾಗೆ ಅದು, ಮಾತಿಗೆ ಹಾಕುವ ನೀರು. ಬಸವರಾಜ ಅಂಕಲ್ ಈ ವಿದ್ಯೆಯ ಕೊನೆಯ ದೊಡ್ಡ ಪಂಡಿತರು. ಅವರ ಹೂಂ ಏಳೆಂಟು ಬಗೆ. ಕೆಳಗಿಳಿಯುವುದು ಒಪ್ಪಿಗೆ, ಮೇಲೇರುವುದು ಅನುಮಾನ, ಮೂಗಿನಲ್ಲೇ ಸಾಯುವುದು ಮರುಕ, ಎರಡು ತುಂಡಾಗಿ ಬರುವುದು “ಮುಂದ?” ಎಂಬ ಅವಸರ. ಬ್ಯಾಂಕಿನವರ ರೆಕಾರ್ಡ್ ಮಾಡಿಟ್ಟ ದನಿಗೆ ಹೂಂ ಅನ್ನುತ್ತಾರೆ. ಫ್ರೀವೇಯಲ್ಲಿ ದಾರಿ ಹೇಳುವ ಫೋನಿನ ಹೆಣ್ಣುಮಗಳಿಗೂ ಹೂಂ ಅನ್ನುತ್ತಾರೆ, ಆಕೆ ಹೇಳಿದ ಕಡೆ ತಿರುಗದಿದ್ದರೂ. ನಾನು ವೇದಿಕೆಯ ಮೇಲೆ ಮಾಡಿ ತೋರಿಸಿದ್ದು ಇದನ್ನೇ.

ಶನಿವಾರ ಬೆಳಿಗ್ಗೆ ಏಳಕ್ಕೆ, ಅಲ್ಲಿ ಸಂಜೆ ನಾಲ್ಕು, ಪ್ರವಾಸ ಹೊರಟಿತು. ಆಂಟಿ ರೇಷ್ಮೆ ಸೀರೆ ಉಟ್ಟು ಅದರ ಮೇಲೆ ಸ್ವೆಟರು ಹಾಕಿಕೊಂಡಿದ್ದರು. ಅಂಕಲ್ ಬೂಟು ಹಾಕಿಕೊಂಡೇ ನೋಡುವುದಾಗಿ ಹಟ ಹಿಡಿದರು. ಮನೆಯೊಳಗೆ ಬೂಟು ನಡೆಯುವುದಿಲ್ಲ ಎಂದರು ಆಂಟಿ. ಇದು ಇನ್ನೂ ನೆಲವನ್ನೇ ಕಾಣದ ಬೂಟು, ಹಾಗಾಗಿ ತಾಂತ್ರಿಕವಾಗಿ ಕಾಲುಚೀಲ ಎಂದು ಅಂಕಲ್ ವಾದಿಸಿ ಗೆದ್ದರು. ಟೀಪಾಯಿಯ ಮೇಲೆ ಬುತ್ತಿ: ಚಪಾತಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಅಡುಗೆಮನೆ ಹನ್ನೆರಡು ಹೆಜ್ಜೆ ದೂರದಲ್ಲಿದ್ದರೂ ಬುತ್ತಿಯಿಲ್ಲದೆ ಪ್ರವಾಸ ಹೊರಡುವ ಪದ್ಧತಿ ಆ ಮನೆಯಲ್ಲಿಲ್ಲ.

ಟಿವಿಯ ಮೇಲೆ ಯಾನಾ ಬಂದಳು. ಐವತ್ತರ ಹತ್ತಿರದ ಹೆಂಗಸು, ಕತ್ತರಿಸಿದ ಕೂದಲು, ಹೆಗಲಿಗೆ ಚೀಲ. ಇಪ್ಪತ್ತು ವರ್ಷದಿಂದ ಇದೇ ಕೆಲಸವಂತೆ. ನಮಸ್ಕಾರಗಳಾದ ಮೇಲೆ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿಬಿಟ್ಟಳು, “ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಮೂರು ತಿಂಗಳಿಂದ ಒಬ್ಬ ಪ್ರವಾಸಿಯೂ ಬಂದಿಲ್ಲ. ಫೋನಿಗೆ ಊರು ತೋರಿಸುವುದು ನನ್ನಿಂದ ಆಗುತ್ತದೋ ಇಲ್ಲವೋ ಇವತ್ತು ನೋಡಬೇಕು. ಆಗದಿದ್ದರೆ ಸೋಮವಾರದಿಂದ ನನ್ನ ಭಾವನ ಆಲೂಗಡ್ಡೆ ಮಳಿಗೆಯಲ್ಲಿ ಕೆಲಸ. ಅವನಿಗೆ ನಾಳೆ ಉತ್ತರ ಹೇಳಬೇಕು.”

ಆಂಟಿಯ ಮುಖ ಸಣ್ಣಗಾಯಿತು. “ಇಷ್ಟು ಓದಿದಾಕಿ ಬಟಾಟಿ ತೂಗೂದೇನ್ರಿ,” ಎಂದು ಗಂಡನ ಕಿವಿಯಲ್ಲಿ ಹೇಳಿ, ಹಿಂದೆ ಒಗೆದ ಬಟ್ಟೆಯ ರಾಶಿ ಕಾಣುತ್ತದೆಂದು ನೆನಪಾಗಿ, ಕ್ಯಾಮೆರಾ ಬಂದ್ ಮಾಡಿಸಿದರು. ಮಾಡಿದವಳು ಮಗಳು ನೇಹಾ, ಹೈಸ್ಕೂಲು. ಮೂರು ತಿಂಗಳಿಂದ ಲ್ಯಾಪ್‌ಟಾಪಿನೊಳಗೇ ಶಾಲೆಗೆ ಹೋಗುತ್ತಿದ್ದ ಅವಳು ಕ್ಯಾಮೆರಾದ ಜೊತೆಗೆ ಮನೆಯ ದನಿಯನ್ನೂ ಮ್ಯೂಟ್ ಮಾಡಿದಳು. ಅವಳ ಶಾಲೆಯಲ್ಲಿ ಅದು ಶಿಸ್ತು, ಅಮೆರಿಕದ ಆಫೀಸುಗಳಲ್ಲಿ ಸಭ್ಯತೆ. ನಾವ್ಯಾರೂ ಗಮನಿಸಲಿಲ್ಲ.

ಖಾಸಗಿ ಗೈಡಿನ ಪಾಡೇ ಬೇರೆ. ಹಳೇಬೀಡಿನಲ್ಲಿ ನಾನು ಕಂಡ ಗೈಡುಗಳಿಗೆ ಕೇಳುಗರ ಹಂಗಿಲ್ಲ. ಒಮ್ಮೆ ಕೀಲಿ ಕೊಟ್ಟರೆ ಕಂಬದಿಂದ ಕಂಬಕ್ಕೆ ಹರಿಯುತ್ತಾರೆ, ನಡುವೆ ಪ್ರಶ್ನೆ ಹಾಕಿದರೆ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಖಾಸಗಿ ಗೈಡಿಗೆ ಹಾಗಲ್ಲ. ಎದುರಿಗಿರುವ ಎರಡು ಮುಖಗಳೇ ಆಕೆಯ ಇಡೀ ಸಭೆ. ಯಾನಾಳಿಗೆ ಆ ದಿನ ಅವೂ ಇರಲಿಲ್ಲ, ಒಂದು ಕಪ್ಪು ಚೌಕವಿತ್ತು. ಪಾಪ, ಅದಕ್ಕೇ ಸೇತುವೆ ತೋರಿಸಿದಳು. ಎರಡೂ ಕಡೆ ಸಂತರ ಪ್ರತಿಮೆಗಳು, ಕೆಳಗೆ ನದಿ, ಜಾತ್ರೆಯ ಹಾಗೆ ತುಂಬಿರುತ್ತಿದ್ದ ಜಾಗದಲ್ಲಿ ಈಗ ನಾಯಿ ಹಿಡಿದ ಒಬ್ಬ ಮುದುಕ. ಸೇತುವೆ ಕಟ್ಟುವಾಗ ಗಾರೆಗೆ ಕಲಸಲು ಊರೂರುಗಳಿಂದ ಮೊಟ್ಟೆ ತರಿಸಿದರಂತೆ, ಒಂದು ಊರಿನವರು ದಾರಿಯಲ್ಲಿ ಒಡೆಯದಿರಲೆಂದು ಬೇಯಿಸಿ ಕಳಿಸಿದರಂತೆ.

ಇಲ್ಲಿ ನಮ್ಮ ಮನೆಯಲ್ಲಿ ಗಲಾಟೆಯೋ ಗಲಾಟೆ. ಅಂಕಲ್ ಹೂಂ ಮೇಲೆ ಹೂಂ ಸುರಿಸುತ್ತಿದ್ದಾರೆ. ಮೊಟ್ಟೆ ಎಂದದ್ದೇ ಆಂಟಿ, “ಅಯ್ಯ, ಹಂಗಾರ ಆ ಪೂಲಿನ ಮ್ಯಾಲೆ ನಾವು ಹೆಂಗ ಅಡ್ಡಾಡೂದು?” ಎಂದು ಕಾಲು ಮೇಲೆತ್ತಿ ಕುಳಿತಿದ್ದಾರೆ. ನಾನು ಸೋಫಾದ ಹಿಂದೆ ನಿಂತು ಸೌಟನ್ನು ಫೋನಿನ ಹಾಗೆ ಹಿಡಿದು ನೇಹಾಳಿಗಾಗಿ ಯಾನಾಳನ್ನು ಮಾಡಿ ತೋರಿಸುತ್ತಿದ್ದೇನೆ. ಉರುಳುವ ರ, ಮಾತಿನ ಕೊನೆಗೆ ಬರುವ ನಿಟ್ಟುಸಿರು, ಹೆಜ್ಜೆ ಹಾಕುವಾಗ ನಡುಗುವ ದನಿ. ಗಂಟೆಯೊಳಗೆ ಎಲ್ಲ ಹಿಡಿದುಬಿಟ್ಟಿದ್ದೆ.

ಯಾನಾ ಮಾತ್ರ ಕರಗುತ್ತಿದ್ದಳು. ಮೊದಲು ನಗು ಹೋಯಿತು, ಆಮೇಲೆ ತಮಾಷೆಗಳು ಹೋದವು. ಹಳೆಯ ಪೇಟೆಯ ಚೌಕದ ದೊಡ್ಡ ಗಡಿಯಾರದ ಮುಂದೆ ಬಂದಾಗ ಉಳಿದದ್ದು ಇಸವಿಗಳು ಮಾತ್ರ. ಗಡಿಯಾರ ಮಾಡಿದವನು ಬೇರೆ ಊರಿನವರಿಗೆ ಇಂಥದ್ದು ಮಾಡಿಕೊಡಬಾರದೆಂದು ಅವನ ಕಣ್ಣು ತೆಗೆಸಿದರೆಂಬ ಕಥೆಯನ್ನು ದಿನಸಿ ಚೀಟಿಯ ಹಾಗೆ ಓದಿದಳು. ಐದು ಹೊಡೆಯಲು ಕೆಲವೇ ನಿಮಿಷ. ಅಲ್ಲೇ ನಿಂತು ಫೋನನ್ನು ತನ್ನ ಮುಖದ ಕಡೆ ತಿರುಗಿಸಿದಳು.

“ನೀವು ಇದ್ದೀರಾ?” ಎಂದಳು. ಸ್ವಲ್ಪ ಹೊತ್ತು ಕಾದಳು. “ನನಗೆ ಅರ್ಥವಾಗುತ್ತದೆ. ನಿಮಗೆ ಬೇಸರ ತರಿಸುತ್ತಿದ್ದೇನೆ. ಇಲ್ಲಿಗೇ ಮುಗಿಸೋಣ. ಬರುತ್ತೇನೆಂದು ನಾಳೆ ಭಾವನಿಗೆ ಹೇಳುತ್ತೇನೆ.”

ಆಂಟಿ ಎದ್ದು ನಿಂತರು. “ಏನಂತಾಳಾಕಿ? ಮುಂಜಾನಿಂದ ಇವರು ಹೂಂ ಹೂಂ ಅಂದು ಗಂಟಲಾ ಹರಕೊಳ್ಳಾಕತ್ತಾರ, ಕೇಳ್ಸಂಗಿಲ್ಲೇನು?”

“ಅಮ್ಮಾ, ವಿ ಆರ್ ಆನ್ ಮ್ಯೂಟ್,” ಎಂದಳು ನೇಹಾ, ಇದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ. ಆಂಟಿಯ ಕಣ್ಣು ನೋಡಿ ಗಾಬರಿಯಾಗಿ ದನಿ, ಕ್ಯಾಮೆರಾ ಎರಡನ್ನೂ ಒಟ್ಟಿಗೆ ತೆರೆದಳು.

ನಾನು ನನ್ನ ಕಲೆಯ ಶಿಖರದಲ್ಲಿದ್ದೆ. ಎಲ್ಲರೂ ಟಿವಿಯ ಕಡೆ ನೋಡುತ್ತಿದ್ದಾರೆ, ಯಾರೂ ನನ್ನ ಕಡೆ ನೋಡುತ್ತಿಲ್ಲ ಎಂಬುದೂ ತಿಳಿಯದಷ್ಟು ಮೈಮರೆತಿದ್ದೆ. ಹೀಗಾಗಿ ಒಂದು ಗಂಟೆಯ ಮೌನದ ನಂತರ ಕ್ಯಾಲಿಫೋರ್ನಿಯಾದಿಂದ ಪ್ರಾಗ್‌ಗೆ ತಲುಪಿದ ಮೊದಲ ದೃಶ್ಯವೆಂದರೆ ಬಟ್ಟೆಯ ರಾಶಿಯ ಪಕ್ಕದಲ್ಲಿ ಸೌಟು ಹಿಡಿದು ನಿಂತ ಒಬ್ಬ ಯುವಕ. ಮೊದಲ ದನಿಯೆಂದರೆ ಯಾನಾಳದೇ ದನಿ, ಅದೇ ನಡುಕ, ಅದೇ ನಿಟ್ಟುಸಿರು: “ನಿಮಗೆ ಬೇಸರ ತರಿಸುತ್ತಿದ್ದೇನೆ.”

ನಾನು ಜೀವನದಲ್ಲಿ ಹಲವು ಸಲ ಸಿಕ್ಕಿಬಿದ್ದಿದ್ದೇನೆ. ಆದರೆ ಅಷ್ಟು ದೊಡ್ಡ ಟಿವಿಯಲ್ಲಿ ಯಾವತ್ತೂ ಇಲ್ಲ. ಯಾನಾಳ ಮುಖ ನಮ್ಮ ಗೋಡೆಯಷ್ಟಿತ್ತು, ಅದರಲ್ಲಿ ಏನೇನು ಹಾದುಹೋಯಿತೆಂದು ಎಣಿಸಬಹುದಿತ್ತು. ಕ್ಷಮಿಸಿ ಎನ್ನಲು ಬಾಯಿ ತೆರೆದೆ, ಗಾಬರಿಗೆ ಅದೂ ಅವಳದೇ ದನಿಯಲ್ಲಿ ಬಂತು.

ಆಗ ಬಸವರಾಜ ಅಂಕಲ್ ಗಂಟಲು ಸರಿಮಾಡಿಕೊಂಡರು. ನನ್ನ ಕಡೆ ನೋಡಲಿಲ್ಲ, ಕ್ಷಮೆ ಕೇಳಲಿಲ್ಲ, ಮ್ಯೂಟಿನ ವಿಚಾರ ಎತ್ತಲಿಲ್ಲ. ತಮ್ಮ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು, “ಮೇಡಂ, ಆ ಗಡಿಯಾರದವನ ಕಣ್ಣು ತೆಗೆಸಿದರು ಅಂದಿರಲ್ಲ, ಮುಂದೆ ಗಡಿಯಾರ ಕೆಟ್ಟರೆ ಯಾರು ರಿಪೇರಿ ಮಾಡಿದರು?”

ಯಾನಾ ತಬ್ಬಿಬ್ಬಾದಳು. ಕಣ್ಣು ಕಳೆದುಕೊಂಡ ಸಿಟ್ಟಿಗೆ ಅವನೇ ಒಂದು ದಿನ ತಡವಿಕೊಂಡು ಒಳಗೆ ಹೋಗಿ ಯಂತ್ರಕ್ಕೆ ಕೈಹಾಕಿ ಕೆಡಿಸಿಬಿಟ್ಟನಂತೆ, ಬಹಳ ಕಾಲ ಯಾರಿಗೂ ಸರಿಮಾಡಲಾಗಲಿಲ್ಲವಂತೆ, ಎಂದಳು. ಕಥೆಯ ಈ ಭಾಗ ಹೇಳಲು ತನಗೆ ಮನಸ್ಸಾಗಿರಲಿಲ್ಲ ಎಂದೂ ಸೇರಿಸಿದಳು.

“ಹೂಂ,” ಎಂದರು ಅಂಕಲ್. ಮೂಗಿನಲ್ಲೇ ಸಾಯುವ ಹೂಂ. ಅದು ಒಂಬತ್ತು ಗಂಟೆಯ ಅಂತರ ದಾಟಿ ಆ ಚೌಕಕ್ಕೆ ಮುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. ಯಾನಾ ಫೋನನ್ನು ಇನ್ನಷ್ಟು ಹತ್ತಿರ ಹಿಡಿದಳು, ಬಾಗಿಲ ಸಂದಿಯಾಚೆ ಯಾರೋ ಇದ್ದಾರೆಂದು ಗೊತ್ತಾದವರ ಹಾಗೆ.

ಆಮೇಲೆ ಪ್ರಶ್ನೆಗಳ ಮಳೆ. ಸೇತುವೆಯ ಗಾರೆಗೆ ಮೊಟ್ಟೆಯ ಬಿಳಿ ಮಾತ್ರವೋ, ಹಳದಿಯೂ ಸೇರಿತ್ತೋ? ಬೇಯಿಸಿದ ಮೊಟ್ಟೆಗಳನ್ನು ಕೊನೆಗೆ ಯಾರು ತಿಂದರು? ನಾಲ್ಕನೆಯ ಸಂತನ ಕೈಯಲ್ಲಿ ಏನೋ ಇತ್ತಲ್ಲ, ಅದನ್ನು ಹೇಳದೆ ಮುಂದೆ ಹೋದಿರಿ, ಅದೇನು? ಪ್ರತಿಯೊಂದು ಮಾತನ್ನೂ ಆ ಮನುಷ್ಯ ಕಿವಿಯಲ್ಲಿ ಜೋಡಿಸಿಟ್ಟುಕೊಂಡಿದ್ದರು. ಅಷ್ಟರಲ್ಲಿ ಐದು ಹೊಡೆಯಿತು. ಗಡಿಯಾರದ ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಬಾರಿಸಿತು, ಪಕ್ಕದ ಬೊಂಬೆಗಳು ಅತ್ತಿಂದಿತ್ತ ತಲೆಯಾಡಿಸಿದವು. ಸಾವು ಕರೆಯುತ್ತಿದೆ, ನಾವು ಬರುವುದಿಲ್ಲ ಎನ್ನುತ್ತಿದ್ದಾರೆ ಅವರು, ಎಂದು ಯಾನಾ ವಿವರಿಸಿದಳು. ಆಂಟಿ ಕಣ್ಣು ಕಿರಿದು ಮಾಡಿ ನೋಡಿ, ನಮ್ಮ ಕಡೆ ಹಾಗೆ ತಲೆಯಾಡಿಸಿದರೆ “ಆತು ಬಿಡ್ರಿ, ಬರ್ತೀವಿ” ಅಂತ ಅರ್ಥ, ಅವರಿಗೆ ಸ್ವಲ್ಪ ಹುಷಾರಾಗಿರಲು ಹೇಳಿ, ಎಂದರು. ನೇಹಾ ಅನುವಾದಿಸಿದಳು. ಖಾಲಿ ಚೌಕದಲ್ಲಿ ಯಾನಾಳ ನಗು ಗೋಡೆಗೆ ಬಡಿದು ವಾಪಸು ಬಂತು.

ನಾನು ಬಟ್ಟೆಯ ರಾಶಿಯ ಹಿಂದೆ ಮರೆಯಾಗಿದ್ದೆ. ಬುತ್ತಿ ಬಿಚ್ಚುವ ಹೊತ್ತಿಗೆ ಯಾನಾ ಒಂದು ಬೆಂಚಿನ ಮೇಲೆ ಕುಳಿತು ತನ್ನ ಬ್ರೆಡ್ಡು ತೆಗೆದಳು. ಎದುರಿಗಿದ್ದವರಿಗೆ ಕೊಡದೆ ತಿನ್ನುವುದು ಹೇಗೆಂದು ಆಂಟಿ ಒಂದು ಚಪಾತಿಯನ್ನು ಕ್ಯಾಮೆರಾಗೆ ಒತ್ತಿ ಹಿಡಿದರು. ಆಕೆಯೂ ಬ್ರೆಡ್ಡು ಹಿಡಿದಳು. ಆಮೇಲೆ ಆ ಹುಡುಗನನ್ನು ಕರೆಯಿರಿ ಎಂದಳು.

ಬಂದು ನಿಂತೆ. ಇನ್ನೊಮ್ಮೆ ಮಾಡು ಎಂದಳು. ನಾನು ಬೇಡ ಎಂದೆ. ಅಂಕಲ್, “ಮಾಡಲೇ, ಯುಗಾದಿಗೆ ನನ್ನ ಕೇಳದ ಮಾಡಿದ್ದಿಯಲ್ಲ,” ಎಂದರು. ಮಾಡಿದೆ. ಸೇತುವೆಯ ಮೇಲಿನ ಎರಡು ನಿಮಿಷದ ಮಾತು, ನಡಿಗೆಯ ಏದುಸಿರಿನ ಸಮೇತ. ಯಾನಾ ತಲೆ ವಾರೆ ಮಾಡಿ, ವೈದ್ಯರು ಎದೆಗೆ ಕೊಳವೆಯಿಟ್ಟು ಕೇಳುವ ಹಾಗೆ ಕೇಳಿದಳು. ಮಾತನ್ನು ನಾನು ಇಷ್ಟು ಎಳೆಯುತ್ತೇನೆಯೇ ಎಂದಳು. ಹೌದು ಎಂದೆ. ತುಂಬ ಚೆನ್ನಾಗಿದೆ ಎಂದಳು. ನಾನು ಉಬ್ಬಿದೆ.

“ಅಲ್ಲಿ ನಾನು ಏನು ಹೇಳುತ್ತಿದ್ದೆ?” ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಯಾವ ರಾಜ, ಯಾವ ಸಂತ, ಎಷ್ಟು ಕಮಾನು, ಒಂದೂ ಗೊತ್ತಿರಲಿಲ್ಲ. ದನಿ ಏರಿದ್ದು ಗೊತ್ತಿತ್ತು, ಇಳಿದದ್ದು ಗೊತ್ತಿತ್ತು. ಇಪ್ಪತ್ತಾರು ವರ್ಷ ಜನರ ಮಾತನ್ನು ಇಷ್ಟು ಕಿವಿಗೊಟ್ಟು ಕೇಳಿದವನು ನಾನೊಬ್ಬನೇ ಎಂದು ಬೀಗುತ್ತಿದ್ದೆನಲ್ಲ, ಆ ಕಿವಿಯೊಳಗೆ ಹುಡುಕಿದರೆ ಬರೀ ಫ್ರಿಜ್ಜಿನ ಗುಂಯ್.

ಯಾನಾ ಭಾವನಿಗೆ ಬರುವುದಿಲ್ಲ ಎಂದು ಹೇಳಲಿಲ್ಲ. ಬೆಳಿಗ್ಗೆ ಮಾತ್ರ ಬರುತ್ತೇನೆ ಎಂದಳಂತೆ. ಬೆಳಿಗ್ಗೆ ಆಲೂಗಡ್ಡೆ, ಸಂಜೆ ಊರು. ಮರುವಾರ ಅಂಕಲ್‌ಗೆ ಇನ್ನೊಂದು ಪತ್ರ ಬಂತು. ಶನಿವಾರ ಬೇರೊಂದು ಕುಟುಂಬಕ್ಕೆ ಊರು ತೋರಿಸುವುದಿದೆ, ಅವರು ತುಂಬ ಸಭ್ಯರು, ಖಂಡಿತ ಮ್ಯೂಟಿನಲ್ಲಿರುತ್ತಾರೆ, ನಿಮಗೆ ತೊಂದರೆಯಿಲ್ಲದಿದ್ದರೆ ಒಂದು ಮೂಲೆಯಲ್ಲಿ ಕುಳಿತು ಆ ಸದ್ದು ಮಾಡುತ್ತೀರಾ, ಎಂದಿತ್ತು. ಅಲ್ಲಿಂದ ಬೇಸಿಗೆ ಮುಗಿಯುವವರೆಗೆ ಪ್ರತಿ ಶನಿವಾರ ಬಸವರಾಜ ಅಂಕಲ್ ಸ್ನಾನ ಮಾಡಿ, ವಿಭೂತಿ ಹಚ್ಚಿ, ಆ ಬೂಟು ಹಾಕಿಕೊಂಡು ಪ್ರಾಗ್ ಪಟ್ಟಣಕ್ಕೆ ಹೂಂ ಅನ್ನಲು ಕೂರುತ್ತಿದ್ದರು. ಒಂದೇ ಸೇತುವೆ, ಒಂದೇ ಗಡಿಯಾರ. ಬೇಜಾರಾಗುವುದಿಲ್ಲವೇ ಎಂದು ಕೇಳಿದೆ. “ಆಕಿ ಪ್ರತಿ ಸಲಾ ಬ್ಯಾರೆ ಹೇಳ್ತಾಳ ತಮ್ಮಾ,” ಎಂದರು. ನನಗೆ ನಂಬಿಕೆ ಬರಲಿಲ್ಲ.

ಆಗಸ್ಟಿನಲ್ಲಿ ನಾನು ಸ್ಯಾನ್ ಡಿಯಾಗೋಗೆ ಮರಳಿದೆ. ಒಂದು ಶುಕ್ರವಾರ ಆಂಟಿಯ ಫೋನು. ಅಂಕಲ್ ಹಲ್ಲು ಕೀಳಿಸಿಕೊಂಡಿದ್ದಾರೆ, ಬಾಯಿ ಊದಿದೆ, ನಾಳೆ ನೀನು ಕೂರಬೇಕು. ನಾನು ಕುಣಿದಾಡಿದೆ. ಆ ಏಳೆಂಟು ಹೂಂ ನನಗೆ ಬಾಯಿಪಾಠ, ಯುಗಾದಿಯಲ್ಲಿ ಚಪ್ಪಾಳೆ ಬಿದ್ದ ಸರಕು. ಶನಿವಾರ ಏಳಕ್ಕೆ ನನ್ನ ಕೋಣೆಯಿಂದ ಶುರುಮಾಡಿದೆ. ಕೆಳಗಿಳಿಯುವುದು, ಮೇಲೇರುವುದು, ಎರಡು ತುಂಡು. ಆಂಟಿ ಕೇಳಿದ್ದರೆ ಗಂಡನ ಹಲ್ಲು ವಾಪಸು ಬಂತೆಂದು ತಿಳಿಯುತ್ತಿದ್ದರು. ನಾಲ್ಕು ನಿಮಿಷವಾಗಿರಬಹುದು, ಪರದೆಯ ಕೆಳಗೆ ನನಗೊಬ್ಬನಿಗೇ ಕಾಣುವಂತೆ ಯಾನಾಳ ಒಂದು ಸಾಲು ಮೂಡಿತು: “ಚೆನ್ನಾಗಿದೆ. ಆದರೆ ನಾನು ಕಥೆಯನ್ನು ಇನ್ನೂ ಹೇಳಿಯೇ ಇಲ್ಲ.”

ಹೂಂ ಎಲ್ಲಿ ಅನ್ನಬೇಕೆಂದು ತಿಳಿಯಬೇಕಾದರೆ ಆಕೆ ಏನು ಹೇಳುತ್ತಿದ್ದಾಳೆಂದು ಕೇಳಬೇಕಾಗಿತ್ತು, ಬೇರೆ ದಾರಿಯಿರಲಿಲ್ಲ. ಕೇಳಿದೆ. ಸೇತುವೆಯ ಮೇಲೆ ನಿಂತು ತನ್ನ ಅಜ್ಜಿಯ ಸುದ್ದಿ ಹೇಳುತ್ತಿದ್ದಳು. ಅಜ್ಜಿ ದಿನಾ ಕೆಲಸಕ್ಕೆ ಹೋಗುವಾಗ ಅಲ್ಲಿನ ಒಂದು ಪ್ರತಿಮೆಗೆ ಚೆನ್ನಾಗಿದ್ದೀಯಾ ಎಂದು ಕೇಳಿ ಹೋಗುತ್ತಿದ್ದಳಂತೆ. ಅವನು ಯಾವ ಸಂತ ಎಂದು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷದ ಗೆಳೆತನ, ಈಗ ಹೋಗಿ ಹೆಸರು ಕೇಳಿದರೆ ಅವನು ಏನೆಂದುಕೊಂಡಾನು, ಎಂದಳಂತೆ. ಕೊನೆಯ ಕಾಯಿಲೆಯಲ್ಲಿ ಮಲಗಿದಾಗ ಯಾನಾಳನ್ನು ಕರೆದು, ನಾನು ಬರಲಾಗುತ್ತಿಲ್ಲ ಎಂದು ಅವನಿಗೆ ಹೇಳಿ ಬಾ, ಕಾಯುತ್ತಿರುತ್ತಾನೆ, ಎಂದಳಂತೆ.

ಆಗ ನನ್ನ ಬಾಯಿಂದ ಬಂದ ಹೂಂ ಯಾವ ಬಗೆಯದೆಂದು ನನಗೆ ತಿಳಿಯದು. ಅದು ಅಂಕಲ್ ಪಟ್ಟಿಯಲ್ಲಿ ಇರಲಿಲ್ಲ.

ಈಗಲೂ ಸ್ನೇಹಿತರು ಸೇರಿದಾಗ ಆ ಪ್ರಾಗ್ ಗೈಡಮ್ಮನನ್ನು ಮಾಡು ಎಂದು ಪೀಡಿಸುತ್ತಾರೆ. ನಿಂತು ಗಂಟಲು ಸರಿಮಾಡಿಕೊಳ್ಳುತ್ತೇನೆ. ಆ ರ ಎಲ್ಲಿ ಉರುಳುತ್ತಿತ್ತು, ನಿಟ್ಟುಸಿರು ಮೊದಲೋ ಕೊನೆಗೋ, ಒಂದೂ ನೆನಪಾಗುವುದಿಲ್ಲ. ಅಜ್ಜಿ ನೆನಪಾಗುತ್ತಾಳೆ, ಹೆಸರು ಗೊತ್ತಿಲ್ಲದ ಸಂತ ನೆನಪಾಗುತ್ತಾನೆ. ದನಿ ಹೋಯಿತು ಕಣ್ರೋ, ಕಥೆ ಇದೆ, ಬೇಕಾದರೆ ಹೇಳುತ್ತೇನೆ, ಎನ್ನುತ್ತೇನೆ. ನಿರಾಶರಾಗುತ್ತಾರೆ. ಕೆಲವರು ಹೇಳು ಎನ್ನುತ್ತಾರೆ. ಅಂಥವರ ಫೋನನ್ನು ಮೊದಲು ಕೆಳಗಿಡಿಸಿ, ಹತ್ತಿರ ಕೂರಿಸಿಕೊಂಡು ಶುರುಮಾಡುತ್ತೇನೆ. ಎರಡು ಮಾತಿಗೇ ನಿಲ್ಲಿಸಿ ಮುಖ ನೋಡುತ್ತೇನೆ, ಯಾರಾದರೂ ಏನಾದರೂ ಅಂದಾರೇನೋ ಎಂದು.